ಯಾರೂ ಹೊಲಿಸಿಕೊಳ್ಳದ ಬಣ್ಣ

೨೦೨೫ ಆಗಸ್ಟ್ ೩, ಭಾನುವಾರ

ಗೊಬ್ಬರದ ಅಂಗಡಿಯವರು ಇವರಿಗೆ ಕೊಟ್ಟ ಡೈರಿ ಜನವರಿಯಿಂದ ಹಾಗೇ ಬಿದ್ದಿತ್ತು. ಪ್ರತಿ ಪುಟದ ಕೆಳಗೂ ಯೂರಿಯಾ ಯಾವಾಗ ಹಾಕಬೇಕು, ಕಳೆ ಯಾವಾಗ ತೆಗೆಯಬೇಕು ಅಂತ ಒಂದೊಂದು ಸಲಹೆ. ನನಗೆ ಬೇಕಾದ ಸಲಹೆ ಅದರಲ್ಲಿಲ್ಲ. ಆದರೂ ಇವತ್ತು ಬರೆಯಲೇಬೇಕು. ಇಲ್ಲದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ, ಈ ಹೊತ್ತಿನಲ್ಲಿ ಮನೆಯಲ್ಲಿ ಕೈಗೆ ಸಿಗುವವರು ಗಂಡ ಮಾದೇಶ್ ಒಬ್ಬರೇ, ಅವರು ಪಾಪ ದಿನವೆಲ್ಲ ಮಂಡಿಯಲ್ಲಿ ಮೆಕ್ಕೆಜೋಳ ತೂಕ ಹಾಕಿ ಬಂದಿರುತ್ತಾರೆ.

ಬೆಳಿಗ್ಗೆ ಭಾವ ಸದಾಶಿವಪ್ಪನವರು ಬಂದಿದ್ದರು, ಇವರ ಅಣ್ಣ. ಕಾಫಿ ಬೇಡ ಅಂದರು. ಭಾವ ಕಾಫಿ ಬೇಡ ಅಂದರೆ ವಿಷಯ ದೊಡ್ಡದು ಅಂತ ಅರ್ಥ. ವಿಷಯ ನಮ್ಮ ಮಗಳು ಕೋಮಲ. ಹತ್ತನೇ ಕ್ಲಾಸಿನ ಹುಡುಗಿ ಸ್ಕೂಲ್ ಮೈದಾನದಲ್ಲಿ ಚಡ್ಡಿ ಹಾಕಿಕೊಂಡು ಫುಟ್‌ಬಾಲ್ ಒದೆಯುತ್ತಾಳೆ ಅಂತ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾರೋ ಅವರಿಗೆ ಹೇಳಿದರಂತೆ.

“ವಯಸ್ಗೆ ಬಂದ ಎಣ್ಮಗ ಕಣವ್ವ. ನಾಕ್ ಜನ ಕುಂತ್ಕಂಡ್ ನೋಡ್ತಾರೆ. ನಿಲ್ಸ್‌ಬುಡು” ಅಂದರು.

ನಿಜ ಹೇಳಬೇಕೆಂದರೆ ನನಗೂ ಅದೇ ಅನಿಸಿತ್ತು. ನಾನೇ ಒಂದು ದಿನ ಹೇಳಬೇಕು ಅಂದುಕೊಂಡಿದ್ದ ಮಾತನ್ನು ಅವರು ಮೊದಲು ಹೇಳಿಬಿಟ್ಟರಲ್ಲ ಅಂತ ಸಿಟ್ಟು ಬಂತು, ಅಷ್ಟೇ. ಈ ತಿಂಗಳ ಕೊನೆಗೆ ಕೊಳ್ಳೇಗಾಲದಲ್ಲಿ ಮೂರು ತಾಲ್ಲೂಕಿನ ಆಟ ಇದೆ, ಹೆಸರು ಕೊಟ್ಟಾಗಿದೆ, ಅದೊಂದು ಆಡಲಿ, ಆಮೇಲೆ ಇಲ್ಲ ಅಂತ ಮಾತು ಕೊಟ್ಟೆ. ಇವರು ಅಷ್ಟು ಹೊತ್ತೂ ಫ್ಯಾನನ್ನೇ ನೋಡುತ್ತಿದ್ದರು. ಕರೆಂಟು ಇರಲಿಲ್ಲ.

ಸಂಜೆ ಕೋಮಲಳಿಗೆ ಹೇಳಿದೆ. ಅಳುತ್ತಾಳೆ, ಬಾಗಿಲು ದಢಾರ್ ಅನ್ನಿಸುತ್ತಾಳೆ, ಊಟ ಬಿಡುತ್ತಾಳೆ ಅಂತ ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. “ಆಯ್ತವ್ವ” ಅಂತ ಹೇಳಿ ಪಾತ್ರೆ ತೊಳೆಯಲು ಹೋದಳು. ಸಿದ್ಧ ಮಾಡಿಕೊಂಡ ಉತ್ತರಗಳೆಲ್ಲ ನನ್ನ ಹತ್ತಿರವೇ ಉಳಿದವು.

ಆಗಸ್ಟ್ ೫, ಮಂಗಳವಾರ

ಸ್ಕೂಲಿನ ಪಿ.ಟಿ. ಮೇಷ್ಟ್ರು ಶಾಂತಮೂರ್ತಿ ಅಂಗಡಿಗೆ ಬಂದರು. ನನ್ನದು ಲೇಡೀಸ್ ಟೈಲರ್ ಅಂಗಡಿ. ಗಂಡಸರು ಬಂದರೆ ಬಾಗಿಲಲ್ಲೇ ನಿಂತು ಬೇರೆ ಕಡೆ ನೋಡುತ್ತಾ ಮಾತಾಡುತ್ತಾರೆ. ಮೇಷ್ಟ್ರು ಎದುರಿನ ಬೇಕರಿಯ ಬನ್ನುಗಳನ್ನು ನೋಡುತ್ತಾ ತಮ್ಮ ಕಷ್ಟ ಹೇಳಿಕೊಂಡರು. ಹನೂರಿನಿಂದ ಹೆಣ್ಣುಮಕ್ಕಳ ತಂಡ ಹೋಗುತ್ತಿರುವುದು ಇದೇ ಮೊದಲು. ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕದಿದ್ದರೆ ಮೈದಾನಕ್ಕೇ ಬಿಡುವುದಿಲ್ಲ. ಕೊಡಿಸುತ್ತೇನೆ ಅಂದಿದ್ದ ದಾನಿ ಈಗ ಫೋನ್ ಎತ್ತುತ್ತಿಲ್ಲ. ನಾನು ಹೊಲಿದು ಕೊಡಬೇಕು, ಬಟ್ಟೆಯನ್ನೂ ನಾನೇ ಹೇಗಾದರೂ ಹೊಂದಿಸಬೇಕು.

ಆಗಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು, ನಿಮಗೆ ಕಷ್ಟವಾದರೆ ಕೊಳ್ಳೇಗಾಲದಲ್ಲಿ ಒಬ್ಬ ಟೈಲರ್ ಇದ್ದಾನೆ, ಕೇಳುತ್ತೇನೆ ಅಂದರು. ಆ ಟೈಲರ್ ಹೊಲಿದ ರವಿಕೆಗಳನ್ನು ಬಿಚ್ಚಿ ಸರಿಮಾಡುವುದರಲ್ಲೇ ನನ್ನ ಅರ್ಧ ಆಯುಸ್ಸು ಹೋಗಿದೆ. ಒಪ್ಪಿಕೊಂಡೆ. ಭಾವನವರಿಗೆ ಕೊಟ್ಟ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಇದು ಹೊಲಿಗೆ ವಿಷಯ.

ಯಾವ ಬಣ್ಣ ಅಂದೆ. ಅಲ್ಲಿಂದ ಶುರುವಾಯಿತು ನೋಡಿ. ಕೆಂಪು ಅಂದರು ಮೇಷ್ಟ್ರು. ಕೆಂಪು ಹಾಕಿದರೆ ಓಂ ಶಕ್ತಿ ಮಾಲೆ ಹಾಕಿದವರು ಅಂದುಕೊಂಡು ಜನ ಕೈ ಮುಗಿಯುತ್ತಾರೆ ಅಂತ ರವಿಕೆ ಹೊಲಿಯಲು ಕೊಡಲು ಬಂದಿದ್ದ ನಮ್ಮ ಬೀದಿಯ ರೂಪ ಅಂದಳು. ಕಪ್ಪು ಅಯ್ಯಪ್ಪ ಸ್ವಾಮಿಗಳದು. ಹಸಿರು ರೈತ ಸಂಘದ ಶಾಲಿನದು. ನೀಲಿಗೂ ಕೇಸರಿಗೂ ಊರಲ್ಲಿ ಒಂದೊಂದು ಮೆರವಣಿಗೆ ಇದೆ, ಒಂದನ್ನು ಹಾಕಿದರೆ ಇನ್ನೊಂದರವರು ಯಾಕೆ ಅಂತ ಕೇಳುತ್ತಾರೆ. ಹಳದಿ ಕೆಂಪು ಸೇರಿದರೆ ರಾಜ್ಯೋತ್ಸವ. ಬಿಳಿ ಕೊಳ್ಳೇಗಾಲದ ತಂಡದ್ದು, ಅಲ್ಲದೆ ನಮ್ಮ ಕೆಂಪು ಮಣ್ಣಿನಲ್ಲಿ ಬಿದ್ದು ಎದ್ದ ಬಿಳಿ ಅಂಗಿ ಒಗೆಯುವವರು ಯಾರು? ದೇವರು ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಹಂಚುವಾಗ ಹನೂರಿನ ಹೆಣ್ಣುಮಕ್ಕಳು ಎಲ್ಲೋ ನೀರು ಹಿಡಿಯಲು ಹೋಗಿದ್ದರು ಅಂತ ಕಾಣುತ್ತದೆ.

ಮೇಷ್ಟ್ರಿಗೆ ಹೊರದೇಶದ ತಂಡಗಳ ಕಥೆಯೆಲ್ಲ ಬಾಯಿಪಾಠ. ಇಟಲಿಯಲ್ಲೊಂದು ತಂಡ ಮೊದಲು ಗುಲಾಬಿ ಅಂಗಿ ಹಾಕುತ್ತಿತ್ತಂತೆ. ಒಗೆದೂ ಒಗೆದೂ ಮಾಸಿಹೋಯಿತು ಅಂತ ಇಂಗ್ಲೆಂಡಿನಿಂದ ಅಂಗಿ ತರಿಸಿದರೆ ಬಂದದ್ದು ಕಪ್ಪು ಬಿಳಿ ಪಟ್ಟೆ. ಈಗ ಆ ಪಟ್ಟೆಗೆ ಜನ ಪ್ರಾಣ ಬಿಡುತ್ತಾರಂತೆ. ಅರ್ಜೆಂಟೀನಾದಲ್ಲಿ ಇನ್ನೊಂದು ತಂಡದವರು ಬಂದರಿಗೆ ಮೊದಲು ಬರುವ ಹಡಗಿನ ಬಾವುಟದ ಬಣ್ಣವೇ ನಮ್ಮದು ಅಂತ ಕಾದು ಕೂತರಂತೆ. ಕೇಳುವುದಕ್ಕೆ ಚೆನ್ನಾಗಿದೆ. ಹನೂರಿಗೆ ಸಮುದ್ರವೆಲ್ಲಿಂದ ತರುವುದು?

ಆಗಸ್ಟ್ ೬, ಬುಧವಾರ

ಸಮುದ್ರವಿಲ್ಲದಿದ್ದರೇನು ಅಂತ ಮೇಷ್ಟ್ರು ಹುಡುಗಿಯರನ್ನೆಲ್ಲ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಬೆಟ್ಟದ ಕಡೆಯಿಂದ ಮೊದಲು ಬರುವ ಬಸ್ಸಿನ ಬಣ್ಣವೇ ತಂಡದ ಬಣ್ಣ. ಬಸ್ಸು ಬಂತು. ಮೂತಿಯಿಂದ ಬಾಲದವರೆಗೆ ಬನಿಯನ್ ಜಾಹೀರಾತು ಮೆತ್ತಿದ್ದರು, ಮೀಸೆ ತಿರುವುತ್ತಾ ನಿಂತ ಒಬ್ಬ ಗಂಡಸು.

ಕೋಮಲ ಮನೆಗೆ ಬಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾನುವಾರದಿಂದ ಈಚೆಗೆ ನಕ್ಕದ್ದು ಇದೇ ಮೊದಲು. ನಾನೂ ನಕ್ಕೆ.

ಆಗಸ್ಟ್ ೮, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ

ಬೀದಿಯ ಮನೆಮನೆಗೂ ಅರಿಶಿನ ಕುಂಕುಮಕ್ಕೆ ಹೋಗಿ ಬಂದೆ. ಎಲೆ, ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಪೀಸು. ರೂಪಳ ಮನೆಯಲ್ಲಿ ಕೊಟ್ಟ ಪೀಸು ಬಿಚ್ಚಿ ನೋಡಿದರೆ ಬದನೆಕಾಯಿ ಬಣ್ಣ, ಮೂಲೆಯಲ್ಲಿ ಇಸ್ತ್ರಿ ತಾಗಿದ ಸಣ್ಣ ಗುರುತು. ಆ ಗುರುತು ಮಾಡಿದವಳು ನಾನೇ. ಹೋದ ವರ್ಷ ಪಕ್ಕದ ಬೀದಿಯ ಸೀಮಂತದಲ್ಲಿ ಅದನ್ನು ದಾಟಿಸಿ ಕೈ ತೊಳೆದುಕೊಂಡಿದ್ದೆ. ಎಷ್ಟು ಮನೆಯ ದೇವರ ಮುಂದೆ ಕೂತು ಎಷ್ಟು ಜನರ ಕುಂಕುಮ ತಾಗಿಸಿಕೊಂಡು ವಾಪಸ್ ತವರಿಗೆ ಬಂದಿದೆಯೋ.

ಈ ಬದನೆಕಾಯಿಯ ಮೂಲ ಊರಿಗೆಲ್ಲ ಗೊತ್ತು. ಭಾವನವರು ಹೋದ ವರ್ಷ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಬಂದ ಹೆಂಗಸರಿಗೆಲ್ಲ ಹಂಚಿದ್ದು. ಮೈಸೂರಿನಿಂದ ಬಟ್ಟೆಯ ಇಡೀ ಥಾನನ್ನೇ ತಂದಿದ್ದರು. ಹನೂರಿನ ಯಾವ ಹೆಂಗಸಿನ ಯಾವ ಸೀರೆಗೂ ಅದು ಹೊಂದಲಿಲ್ಲ. ಅವತ್ತಿನಿಂದ ಅದು ಮನೆಯಿಂದ ಮನೆಗೆ ತಿರುಗುತ್ತಿದೆ. ಹೊಲಿಸಿದವರೂ ಇಲ್ಲ, ಎಸೆದವರೂ ಇಲ್ಲ. ಅರಿಶಿನ ಕುಂಕುಮದ ಜೊತೆ ಬಂದದ್ದನ್ನು ಎಸೆಯುವುದು ಹೇಗೆ?

ನನ್ನ ಟ್ರಂಕು ತೆಗೆದು ನೋಡಿದೆ. ಅದೇ ಬಣ್ಣದವು ಇನ್ನೂ ನಾಲ್ಕು.

ಆಗಸ್ಟ್ ೧೧, ಸೋಮವಾರ

ಊರಿನಲ್ಲಿ ಯಾವ ದೇವರೂ, ಯಾವ ಪಕ್ಷವೂ, ಯಾವ ಸಂಘವೂ ಕಣ್ಣೆತ್ತಿ ನೋಡದ ಬಣ್ಣ ಇದೊಂದೇ. ಹಬ್ಬದ ಮರುದಿನವೇ ಮೇಷ್ಟ್ರಿಗೆ ಹೇಳಿದೆ. ಅವರು ಬನ್ನುಗಳ ಕಡೆ ನೋಡುತ್ತಲೇ, ಬದನೆಕಾಯಿ ಆಗಬಹುದು ಅಂದರು.

ಮೂರು ದಿನದಿಂದ ಮನೆಮನೆ ಸುತ್ತುತ್ತಿದ್ದೇನೆ. ಎಲ್ಲರ ಬಾಯಲ್ಲೂ ಒಂದೇ ಮಾತು, ಹೊಲಿಸಿಕೊಳ್ಳೋಣ ಅಂತಲೇ ಇಟ್ಟಿದ್ದೆ ಅಂತ. ಹಾಗೆನ್ನುತ್ತಲೇ ನಾನು ಎಲ್ಲಿ ಮನಸ್ಸು ಬದಲಾಯಿಸುತ್ತೇನೋ ಅಂತ ಬೇಗಬೇಗ ತಂದು ಕೈಗೆ ತುರುಕುತ್ತಾರೆ. ಒಂದು ಅಂಗಿಗೆ ಎರಡು ಪೀಸು ಬೇಕು. ಹನ್ನೊಂದು ಜನಕ್ಕೂ, ಹೊರಗೆ ಕಾಯುವವರಿಗೂ ಆಗಿ ಇನ್ನೂ ಮಿಗುವಷ್ಟು ಸಿಕ್ಕಿವೆ. ಭಾವನವರ ಹೆಂಡತಿ ಕೆಂಪಾಜಮ್ಮಕ್ಕನ ಕಿವಿಗೆ ಮಾತ್ರ ಬೀಳಬಾರದು ಅಂತ ಎಲ್ಲರಿಗೂ ಹೇಳಿ ಬಂದಿದ್ದೇನೆ. ಅಕ್ಕನೇ ಒಂದು ದಿನ ಪೂರ್ತಿ ಅಂಗಡಿಯಲ್ಲಿ ಕೂತು ಆ ಬಣ್ಣ ಆರಿಸಿದ್ದು.

ಆಗಸ್ಟ್ ೧೭, ಭಾನುವಾರ

ಮೊದಲ ಅಂಗಿ ಹೊಲಿದು ಕೋಮಲಳಿಗೆ ಹಾಕಿಸಿದೆ. ಕೈ ಎತ್ತಲು ಆಗುತ್ತಿಲ್ಲ ಅಂದಳು. ಇಷ್ಟು ವರ್ಷ ರವಿಕೆ ಹೊಲಿದ ಕೈ, ನನಗೇ ಗೊತ್ತಿಲ್ಲದೆ ಕಂಕುಳು ಬಿಗಿ ಇಟ್ಟು, ಎದೆಗೆ ಟಕ್ಸ್ ಹಿಡಿದು, ಬೆನ್ನಿಗೆ ಹುಕ್ಕು ಇಡುವುದರಲ್ಲಿತ್ತು. ಇವರು ನೋಡಿ, ಮದುವೆಗೆ ಹೋಗುವ ಫುಟ್‌ಬಾಲ್ ತಂಡ ಅಂದರು. ಯಾವತ್ತೂ ಮಾತಾಡದವರು ಮಾತಾಡಿದರೆ ಹೀಗೇ.

ಹುಡುಗಿಯರು ಹೇಗೆ ಓಡುತ್ತಾರೆ, ಎಲ್ಲಿ ಬಗ್ಗುತ್ತಾರೆ ಅಂತ ನೋಡದೆ ಹೊಲಿಯುವುದು ತಪ್ಪು. ನಾಳೆ ಮೈದಾನಕ್ಕೆ ಹೋಗಬೇಕು. ಅಳತೆಗೆ ಅಷ್ಟೇ.

ಆಗಸ್ಟ್ ೧೮, ಸೋಮವಾರ

ಹೋಗಿದ್ದೆ. ಕಂಕುಳಿಗೆ ಎರಡು ಇಂಚು ಸಡಿಲ ಬೇಕು. ಬೆನ್ನು ಉದ್ದ ಬೇಕು. ಕತ್ತು ಅಗಲ ಬೇಡ.

ಕೋಮಲ ಮನೆಯಲ್ಲಿ ನಡೆಯುವಾಗ ಕಾಲು ಎಳೆಯುತ್ತಾಳೆ, ಒಂದು ಚೊಂಬು ನೀರು ತಾ ಅಂದರೆ ಅರ್ಧ ಗಂಟೆ. ಅಲ್ಲಿ ಅವಳು ಬೇರೆಯವರ ಮಗಳ ಥರ ಓಡುತ್ತಿದ್ದಳು. ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಒಂದು ಸಲ ಜೋರಾಗಿ ಕೂಗಿ ಯಾರಿಗೋ ಹಿಂದಕ್ಕೆ ಹೋಗು ಅಂದಳು, ಆ ಹುಡುಗಿ ತಕ್ಷಣ ಹೋದಳು. ಅಷ್ಟು ದೊಡ್ಡ ದನಿ ನನ್ನ ಮಗಳ ಹತ್ತಿರ ಇರುವುದು ನನಗೆ ಗೊತ್ತಿರಲಿಲ್ಲ.

ಅಳತೆಗೆ ಐದು ನಿಮಿಷ ಸಾಕಿತ್ತು. ಸಂಜೆಯವರೆಗೆ ಅಲ್ಲೇ ಇದ್ದೆ. ಅಂಗಡಿಗೆ ಬಂದವರು ಬೀಗ ನೋಡಿ ಹೋದರಂತೆ.

ಆಗಸ್ಟ್ ೨೨, ಶುಕ್ರವಾರ

ಗೌರಿ ಹಬ್ಬದ ರವಿಕೆಗಳು ಕುತ್ತಿಗೆಗೆ ಬಂದಿವೆ. ಮಧ್ಯೆ ತಂಡದ ಈ ಅಂಗಿಗಳು. ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸದೆ ಹೊಲಿಯಬಾರದು ಅಂತ ಗಿರಾಕಿಗಳಿಗೆಲ್ಲ ಉಪದೇಶ ಮಾಡುವವಳು ನಾನು. ಈ ಪೀಸುಗಳು ಮೊದಲೇ ಗಿಡ್ಡ, ನೆನೆಸಿದರೆ ಇನ್ನೂ ಕುಗ್ಗುತ್ತವೆ. ನೆನೆಸಲಿಲ್ಲ.

ಆಗಸ್ಟ್ ೨೮, ಗುರುವಾರ

ಎಲ್ಲ ಮುಗಿಯಿತು. ಬೆನ್ನಿಗೆ ಬಿಳಿ ಲೈನಿಂಗ್ ಬಟ್ಟೆಯಲ್ಲಿ ನಂಬರು ಕತ್ತರಿಸಿ ಹೊಲಿದೆ. ಕೋಮಲಳದು ಏಳು. ಭಾವನವರು ಫೋನ್ ಮಾಡಿ, ಶನಿವಾರ ತಾವೂ ಅಕ್ಕನೂ ಬರುತ್ತೇವೆ, ಕೊನೆ ಆಟ ಮುಗಿದದ್ದನ್ನು ಕಣ್ಣಾರೆ ನೋಡಬೇಕು ಅಂದರು. ಇವರಿಗೆ ಹೇಳಿದರೆ ಮತ್ತೆ ಫ್ಯಾನ್ ನೋಡಿದರು.

ಆಗಸ್ಟ್ ೩೦, ಶನಿವಾರ

ಇವತ್ತು ಆದದ್ದನ್ನೆಲ್ಲ ಬರೆದಿಡುತ್ತೇನೆ.

ಬೆಳಿಗ್ಗೆ ಯಳಂದೂರಿನವರ ಜೊತೆ ಆಟ. ನಮ್ಮ ಹುಡುಗಿಯರು ಸಾಲಾಗಿ ಮೈದಾನಕ್ಕೆ ಇಳಿದರು. ಒಂದೊಂದೇ ನೋಡಿದರೆ ಬದನೆಕಾಯಿ. ಅಷ್ಟೂ ಒಟ್ಟಿಗೆ ಬಿಸಿಲಲ್ಲಿ ನಿಂತರೆ ಬೇರೆಯೇ ಏನೋ, ಹೆಸರು ಗೊತ್ತಿಲ್ಲ. ಒಂದು ಗೋಲು ಹೊಡೆದು ಗೆದ್ದರು. ನಾನು ಎದ್ದು ನಿಂತಿದ್ದೇನೆ ಅಂತ ಹಿಂದಿನವರು ಕೂತ್ಕೊಳ್ರಿ ಅಂದಾಗಲೇ ತಿಳಿದದ್ದು. ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು, ಅದಕ್ಕೆ.

ಭಾವನವರೂ ಅಕ್ಕನೂ ಮಧ್ಯಾಹ್ನ ಬಂದರು, ಕೊಳ್ಳೇಗಾಲದವರ ಜೊತೆಗಿನ ಕೊನೆ ಆಟಕ್ಕೆ. ಭಾವ ಹುಡುಗಿಯರ ಕಡೆ ನೋಡದೆ ಚಪ್ಪಲಿ ನೋಡುತ್ತಾ ಕೂತರು. ಅಕ್ಕ ನೋಡಿದರು. ನೋಡಿ, ಎದ್ದು ಗೆರೆಯವರೆಗೂ ಹೋಗಿ, ಹತ್ತಿರ ನಿಂತಿದ್ದ ಒಬ್ಬಳ ತೋಳಿನ ಬಟ್ಟೆ ಬೆರಳಲ್ಲಿ ಹಿಡಿದು ಉಜ್ಜಿ ನೋಡಿ ವಾಪಸ್ ಬಂದರು.

“ಇದು ನಾ ಆರ್ಸ್‌ದ ಬಣ್ಣ ಅಲ್ವಾ ಮಾಲಕ್ಷ್ಮಿ? ಯಾರೂ ಒಲ್ಸ್‌ಕಳ್ನೇ ಇಲ್ವಾ?”

ಜಗಳಕ್ಕೆ ಬಂದಿದ್ದರೆ ಉತ್ತರ ಕೊಡುತ್ತಿದ್ದೆ. ಅವರು ಅಷ್ಟು ಮೆತ್ತಗೆ ಕೇಳಿದರು. ಒಂದು ವರ್ಷದಿಂದ ಇಡೀ ಊರು ನಗುನಗುತ್ತಾ ದಾಟಿಸಿದ ಬಟ್ಟೆಯನ್ನು ಈ ಹೆಂಗಸು ಎಷ್ಟು ಆಸೆಯಿಂದ ಆರಿಸಿದ್ದರೋ ಅಂತ ನನಗೆ ಅದುವರೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ನಾನು ಹೊಲಿದೆ ಅಕ್ಕ, ಅಂದೆ. ಅವರು ನನ್ನ ಪಕ್ಕ ಬಂದು ಕೂತರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕೋಮಲ ಗೋಲು ಹೊಡೆದಳು. ಎಲ್ಲಿಂದ ಹೊಡೆದಳು, ಹೇಗೆ ಹೋಯಿತು ಕೇಳಬೇಡಿ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮುಂದೆ ಕೂತಿದ್ದ ಕೊಳ್ಳೇಗಾಲದ ಒಬ್ಬ ಯಜಮಾನರು ಹಿಂದಕ್ಕೆ ತಿರುಗಿ, ಈ ಬದ್ನೆಕಾಯಿ ಟೀಮ್ ಯಾವೂರ್ದು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದರು.

“ಅನೂರು. ಬಣ್ಣ ನಮ್ಮನೇದು.”

ಭಾವ ಚಪ್ಪಲಿಯಿಂದ ಕಣ್ಣು ತೆಗೆದು ಮೈದಾನದ ಕಡೆ ನೋಡಿದ್ದು ಆಗಲೇ.

ಆಮೇಲೆ ಮಳೆ ಹನಿಯಿತು. ಜೋರೇನಲ್ಲ, ತುಂತುರು. ಆದರೆ ನಾನು ಉಪ್ಪುನೀರು ಕಾಣಿಸದ ಬಟ್ಟೆಗೆ ಅಷ್ಟು ಸಾಕಾಯಿತು. ಬಣ್ಣ ಇಳಿಯತೊಡಗಿತು. ಮೊದಲು ನಮ್ಮ ನಂಬರುಗಳು ನೇರಳೆಯಾದವು, ಆಮೇಲೆ ಹುಡುಗಿಯರ ಕತ್ತು, ಕೈ, ಆಮೇಲೆ ಚೆಂಡು. ಕೊಳ್ಳೇಗಾಲದ ಹುಡುಗಿಯರ ಬಿಳಿ ಅಂಗಿಗೆ ನಮ್ಮವರು ಎಲ್ಲೆಲ್ಲಿ ತಾಗಿದರೋ ಅಲ್ಲೆಲ್ಲ ಕಲೆ. ಅವರ ಮೇಷ್ಟ್ರು ಇದು ಆಟವೋ ಓಕುಳಿಯೋ ಅಂತ ಕೂಗಾಡಿದರು. ಅಷ್ಟರಲ್ಲಿ ಅವರೂ ಒಂದು ಗೋಲು ಹೊಡೆದರು.

ಕೊನೆಯಲ್ಲಿ ಅವರ ಹುಡುಗಿಯೊಬ್ಬಳು ನಮ್ಮ ಗೋಲಿನ ಹತ್ತಿರ ಬಿದ್ದಳು. ಕೋಮಲ ಎಳೆದಳು ಅಂತ ಅವರು, ನಾನು ಮುಟ್ಟೇ ಇಲ್ಲ ಸಾ ಅಂತ ಇವಳು. ರೆಫ್ರಿ ಬಿದ್ದವಳನ್ನು ಎಬ್ಬಿಸಿ ಬೆನ್ನು ತಿರುಗಿಸಿದರು. ಬೆಳ್ಳಗಿನ ಅಂಗಿಯ ಮೇಲೆ ಐದು ಬೆರಳೂ ಅಚ್ಚೊತ್ತಿದಂತೆ ಬದನೆಕಾಯಿ ಬಣ್ಣದ ಕೈ. ಇಡೀ ಮೈದಾನ ನಕ್ಕಿತು. ಪೆನಾಲ್ಟಿ ಕೊಟ್ಟರು, ಸೋತೆವು.

ಎಳೆದದ್ದಂತೂ ನಿಜ. ಆದರೆ ಸಿಕ್ಕಿಬಿದ್ದದ್ದು ನನ್ನಿಂದ. ಬಟ್ಟೆ ನೆನೆಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ತಾಯಿ ನಾನು ಅಂತ ನನಗೇ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕೋಮಲ ಕಿಟಕಿ ಪಕ್ಕ ಕೂತು ಬೆರಳುಗಳ ಬಣ್ಣ ಉಜ್ಜುತ್ತಿದ್ದಳು. ಬೇರೆ ಹುಡುಗಿಯರೆಲ್ಲ ಒಬ್ಬರ ಕತ್ತಿನ ಬಣ್ಣ ಒಬ್ಬರು ತೋರಿಸಿಕೊಂಡು ನಗುತ್ತಿದ್ದರು. ಅವರಿಗೆ ಮುಂದಿನ ಆಟ ಇದೆ.

ಆಗಸ್ಟ್ ೩೧, ಭಾನುವಾರ

ಬಣ್ಣ ಬಟ್ಟೆಯಿಂದ ಹೋಯಿತೇ ಹೊರತು ಮೈಯಿಂದ ಹೋಗುತ್ತಿಲ್ಲ. ಕೋಮಲಳಿಗೆ ಕಡಲೆಹಿಟ್ಟು ಹಾಕಿ ಉಜ್ಜಿದೆ, ನಿಂಬೆಹಣ್ಣು ಹಾಕಿ ಉಜ್ಜಿದೆ. ಬೀದಿಯಲ್ಲಿ ಹೋಗುವ ಹುಡುಗಿಯರಲ್ಲಿ ಯಾರು ತಂಡದವರು ಅಂತ ಕತ್ತು ನೋಡಿ ಹೇಳಬಹುದು. ರೂಪಳ ಚಿಕ್ಕ ಮಗಳು ತಂಡದಲ್ಲಿಲ್ಲ, ಆದರೂ ಅದೇ ಬಣ್ಣದ ನೀರು ಬಳಿದುಕೊಂಡು ಓಡಾಡುತ್ತಿದ್ದಾಳಂತೆ.

ಭಾವ ಹತ್ತು ಗಂಟೆಗೆಲ್ಲ ಬಂದರು. ಮುಖದಲ್ಲಿ ಕಳೆ ಇತ್ತು. ಹೋಟೆಲಿನಲ್ಲಿ ಎಲ್ಲರೂ ಅವರ ಮನೆ ಬಣ್ಣದ ಬಗ್ಗೆಯೇ ಮಾತಾಡುತ್ತಿದ್ದಾರಂತೆ. ತಂಡಕ್ಕೆ ಬಟ್ಟೆ ಕೊಟ್ಟವರು ಸದಾಶಿವಪ್ಪನವರು ಅಂತಾಗಿದೆ, ಅವರೂ ಅಲ್ಲ ಅಂದಿಲ್ಲ. ಹುಡುಗಿಯರು ಗಟ್ಟಿಗಿತ್ತಿಯರು, ಮುಂದಿನ ವರ್ಷವೂ ಇದೇ ಬಣ್ಣ ಇರಲಿ ಅಂದರು. ನನಗೆ ಮನಸ್ಸು ಹಗುರಾಯಿತು. ಹಾಗಾದರೆ ಕೋಮಲ ಅಂತ ಶುರುಮಾಡಿದೆ.

“ಟೀಮ್ ಇರ್ಲಿ ಕಣವ್ವ. ನಮ್ಮನೆ ಎಣ್ಮಗ ಬ್ಯಾಡ. ಮಾತು ಕೊಟ್ಟಿದ್ದೀಯಲ್ಲ ನೀನು” ಅಂದರು.

ಬೇರೆಯವರ ಮನೆ ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಇವರ ಬಣ್ಣ ಮೆರೆಸಬಹುದು, ನಮ್ಮ ಹುಡುಗಿ ಮನೆಯಲ್ಲಿ ಕೂತು ಪಾತ್ರೆ ತೊಳೆಯಬೇಕು. ನಗು ಬಂತು, ಜೊತೆಗೇ ಸಿಟ್ಟೂ ಬಂತು. ಆದರೆ ಮಾತು ಕೊಟ್ಟದ್ದು ನಾನೇ, ನನಗೂ ಅದೇ ಸರಿ ಅನಿಸಿದ್ದರಿಂದಲೇ ಕೊಟ್ಟದ್ದು. ಅದಕ್ಕೆ ವಾದ ಮಾಡದೆ ಬಾಗಿಲವರೆಗೆ ಕಳಿಸಿ ಬಂದೆ. ಅವರು ಹೋದಮೇಲೆ ಇವರು ಫ್ಯಾನ್ ನೋಡಲಿಲ್ಲ, ನನ್ನನ್ನು ನೋಡಿದರು. 

ಮಧ್ಯಾಹ್ನ ಕೋಮಲ ಅಂಗಡಿಗೆ ಬಂದಳು. ಅಂಗಿ ಒಗೆದು ಒಣಗಿಸಿ ಮಡಚಿ ತಂದಿದ್ದಳು. ಮಾಸಿದ ನೇರಳೆ, ಏಳು ನಂಬರು ಕಂಡೂ ಕಾಣದ ಹಾಗೆ. ಮಿಷನ್ ಮೇಲೆ ಇಟ್ಟು, “ತಕೊಳವ್ವ. ಬ್ಯಾರೆ ಯಾರ್ಗಾದ್ರೂ ಆಯ್ತದೆ” ಅಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೇಡ ಅಂದದ್ದನ್ನು ಹೀಗೆ ಮಡಚಿಡುವುದು ಯಾರಿಂದ ಕಲಿತಳೋ. ನನ್ನಿಂದಲೇ ಇರಬೇಕು.

ಅವಳು ಬಾಗಿಲು ದಾಟುವುದರಲ್ಲಿದ್ದಳು. ಬಾ ಇಲ್ಲಿ, ಕೈ ಎತ್ತು ಅಂದೆ.

ಯಾಕೆ ಅಂದಳು. ಭಾವನವರಿಗೆ ಸಂಜೆ ನಾನೇ ಹೋಗಿ ಹೇಳಿ ಬರುತ್ತೇನೆ, ಕೊಟ್ಟ ಮಾತು ವಾಪಸ್ ತಗೊಂಡೆ ಅಂತ, ಬೈದರೆ ಬೈಸಿಕೊಳ್ಳುತ್ತೇನೆ ಅಂದೆ. ಹೊಸ ಅಂಗಿಗೆ ಬಟ್ಟೆ ಬೇರೆ ತರುತ್ತೇನೆ, ಬಣ್ಣ ಇದೇ, ಈ ಸಲ ನೆನೆಸಿಯೇ ಹೊಲಿಯುತ್ತೇನೆ, ನೀನೂ ಇನ್ನುಮುಂದೆ ಯಾರ ಅಂಗಿಯನ್ನೂ ಎಳೆಯಬಾರದು ಅಂದೆ.

ಅವಳು ಕೈ ಎತ್ತಿ ನಿಂತಳು. ಎದೆ ಸುತ್ತ ಟೇಪು ಹಿಡಿದೆ. ಅವಳ ಉಸಿರು ಮೇಲೆ ಕೆಳಗೆ ಹೊಡೆದುಕೊಳ್ಳುತ್ತಿತ್ತು, ಟೇಪು ಒಂದು ಕಡೆ ನಿಲ್ಲಲಿಲ್ಲ. ಸರಿಯಾದ ಅಳತೆ ಸಿಗಲು ಸ್ವಲ್ಪ ಹೊತ್ತು ಕಾಯಬೇಕಾಯಿತು.